ದಂತಕತೆಯ ಸಾಲ ತೀರಿಸುವವರು ಯಾರು?

ಕತೆ ಕಟ್ಟುವುದು ನಮ್ಮ ಕಸುಬು. ಒಂದು ಸಣ್ಣಕತೆಯಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು, ಯಾರನ್ನು ಮುಂದೆ ನಿಲ್ಲಿಸಬೇಕು, ಯಾರನ್ನು ಹಿಂದಕ್ಕೆ ಸರಿಸಬೇಕು ಎಂಬ ಲೆಕ್ಕಾಚಾರ ನಮಗೆ ಹೊಸತಲ್ಲ. ಆದುದರಿಂದಲೇ ಅರಸರು, ಸೇನಾಪತಿಗಳು, ಮಂತ್ರಿಗಳು ತಮ್ಮ ಬಗ್ಗೆ ತಾವೇ ಕಟ್ಟಿಸಿಕೊಂಡ ಕತೆಗಳನ್ನು ಓದುವಾಗ ಅವುಗಳ ಹೊಲಿಗೆ ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ. ಎಲ್ಲಿ ಕತ್ತರಿ ಆಡಿದೆ, ಎಲ್ಲಿ ತೇಪೆ ಹಾಕಿದೆ ಎಂಬುದು ಗೊತ್ತಾಗುತ್ತದೆ. ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ನಾವು ಬರೆದದ್ದರ ಮೇಲೆ ‘ಕತೆ’ ಎಂದು ಮೊದಲೇ ಅಚ್ಚಾಗಿರುತ್ತದೆ. ಇಷ್ಟವಿದ್ದವರು ಓದುತ್ತಾರೆ, ಇಲ್ಲದವರು ಪುಟ ಮಗುಚುತ್ತಾರೆ. ಆಳುವವನ ಕತೆಗೆ ಅಂಥ ಹಣೆಪಟ್ಟಿ ಇರುವುದಿಲ್ಲ. ಅದನ್ನು ನಿಜವೆಂದೇ ನಂಬಬೇಕು. ನಂಬಿ ಯುದ್ಧಕ್ಕೆ ಹೋಗಬೇಕು, ತೆರಿಗೆ ಕಟ್ಟಬೇಕು, ಮತ ಹಾಕಬೇಕು, ಕೆಲವೊಮ್ಮೆ ನೆರೆಮನೆಯವನ ಮೇಲೆ ಕಲ್ಲೆಸೆಯಲೂ ಬೇಕು.

ಹಾಗಾದರೆ ನಾಯಕನೊಬ್ಬ ತನ್ನ ಸುತ್ತ ದಂತಕತೆ ಕಟ್ಟಿಕೊಳ್ಳುವುದು ತಪ್ಪೇ? ‘ಹೌದು’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಷ್ಟು ಸುಲಭದ ಪ್ರಶ್ನೆಯಲ್ಲ ಇದು. ಹೆದರಿದ ಸೈನ್ಯವನ್ನು ಮುಂದೆ ನಡೆಸಲು, ಸೋತು ಕುಗ್ಗಿದ ಜನರ ತಲೆ ಎತ್ತಿಸಲು ಧೀರನೊಬ್ಬನ ಚಿತ್ರ ಕಣ್ಣೆದುರು ಬೇಕಾಗುತ್ತದೆ ಎಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಹುರುಳಿಲ್ಲದಿಲ್ಲ. ಆದುದರಿಂದ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳುವುದು ಒಳ್ಳೆಯದು. ದಂತಕತೆಯಿಂದ ಲಾಭ ಪಡೆಯುವವನು ಒಬ್ಬ. ಅದರ ಸಾಲ ಯಾರ ಲೆಕ್ಕಕ್ಕೆ ಬೀಳುತ್ತದೆ?

ಮೊದಲಿಗೆ ಮೊಗಲ್ ಆಸ್ಥಾನದ ಒಂದು ಚಿತ್ರವನ್ನು ನೋಡೋಣ. 1616ರ ಸುಮಾರಿಗೆ ಅಬುಲ್ ಹಸನ್ ಎಂಬ ಕಲಾವಿದ ಬಾದಶಾಹ ಜಹಾಂಗೀರನಿಗಾಗಿ ಇದನ್ನು ಬರೆದ. ಜಹಾಂಗೀರ್ ಭೂಗೋಳದ ಮೇಲೆ ನಿಂತಿದ್ದಾನೆ. ಕೈಯಲ್ಲಿ ಬಿಲ್ಲಿದೆ. ಎದುರಿಗೆ ಈಟಿಯ ತುದಿಗೆ ಚುಚ್ಚಿದ ಮಲಿಕ್ ಅಂಬರನ ತಲೆ. ಬಾದಶಾಹ ಅದಕ್ಕೆ ಬಾಣ ಬಿಡುತ್ತಿದ್ದಾನೆ. ಗುಲಾಮನಾಗಿ ಆಫ್ರಿಕಾದಿಂದ ಬಂದು ಅಹಮದ್‌ನಗರದ ನಿಜಾಮ್‌ಶಾಹಿ ರಾಜ್ಯದ ಬೆನ್ನೆಲುಬಾಗಿ ನಿಂತ ಮಲಿಕ್ ಅಂಬರ್ ಮೊಗಲರನ್ನು ದಖ್ಖನ್ನಿನಲ್ಲಿ ವರ್ಷಗಟ್ಟಲೆ ಸತಾಯಿಸಿದವನು. ಅವನ ತಲೆ ಜಹಾಂಗೀರನ ಕೈಗೆ ಎಂದೂ ಸಿಗಲಿಲ್ಲ. ಚಿತ್ರ ಬರೆದ ಸುಮಾರು ಹತ್ತು ವರ್ಷಗಳ ಬಳಿಕ, 1626ರಲ್ಲಿ, ಅಂಬರ್ ತುಂಬು ವಯಸ್ಸಿನಲ್ಲಿ ಸಹಜವಾಗಿಯೇ ತೀರಿಕೊಂಡ. ಕಣದಲ್ಲಿ ಕೈಗೂಡದ ಗೆಲುವನ್ನು ಬಾದಶಾಹ ಕಾಗದದ ಮೇಲೆ ಪಡೆದುಕೊಂಡಿದ್ದ. ಆ ಬಾಣ ಯಾರನ್ನೂ ಕೊಲ್ಲಲಿಲ್ಲ. ಆದರೆ ಕಾಗದದ ಮೇಲಿನ ಗೆಲುವನ್ನು ನೆಲದ ಮೇಲೆ ಸಾಧಿಸಲು ಹೊರಟ ದಂಡುಗಳು ಮತ್ತೆ ಮತ್ತೆ ದಖ್ಖನ್ನಿನ ಹೊಲಗದ್ದೆಗಳನ್ನು ತುಳಿದುಕೊಂಡು ಹೋದವು.

ಈ ವಿದ್ಯೆಯನ್ನು ಜಹಾಂಗೀರನಿಗಿಂತ ಬಹಳ ಮುಂದಕ್ಕೆ ಕೊಂಡೊಯ್ದವನು ಫ್ರಾನ್ಸಿನ ನೆಪೋಲಿಯನ್. 1800ರ ಮೇ ತಿಂಗಳಲ್ಲಿ ಅವನು ಆಲ್ಪ್ಸ್ ಪರ್ವತ ದಾಟಿದ್ದು ಹೇಸರಗತ್ತೆಯ ಮೇಲೆ ಕುಳಿತು, ಸ್ಥಳೀಯ ದಾರಿಕಾರನೊಬ್ಬನ ಸಹಾಯದಿಂದ. ಆದರೆ ಚಿತ್ರಕಾರ ಡೇವಿಡ್ ಬರೆದ ಪ್ರಸಿದ್ಧ ಚಿತ್ರದಲ್ಲಿ ಅವನು ಮುಂಗಾಲೆತ್ತಿದ ಕುದುರೆಯ ಮೇಲೆ, ಗಾಳಿಗೆ ಹಾರುವ ನಿಲುವಂಗಿ ತೊಟ್ಟು, ಶಿಖರದತ್ತ ಕೈ ತೋರುತ್ತಿದ್ದಾನೆ. ಕೆಳಗಿನ ಬಂಡೆಯ ಮೇಲೆ ಹಿಂದೆ ಇದೇ ಪರ್ವತ ದಾಟಿದ ಹ್ಯಾನಿಬಲ್ ಮತ್ತು ಶಾರ್ಲಮೇನರ ಹೆಸರುಗಳ ಜತೆ ಬೊನಪಾರ್ಟೆಯ ಹೆಸರೂ ಇದೆ. ಸೈನಿಕರು? ಅವರೂ ಇದ್ದಾರೆ. ಕುದುರೆಯ ಹೊಟ್ಟೆಯ ಕೆಳಗೆ, ದೂರದಲ್ಲಿ, ಸಣ್ಣದಾಗಿ ಫಿರಂಗಿ ಎಳೆಯುತ್ತಿದ್ದಾರೆ. ನಿಜವಾಗಿ ಆ ಪರ್ವತವನ್ನು ದಾಟಿದ್ದು ಅವರ ರಟ್ಟೆಬಲ. ಫಿರಂಗಿಯ ನಳಿಗೆಗಳನ್ನು ಮರದ ದಿಮ್ಮಿಗಳ ಪೊಟರೆಯಲ್ಲಿಟ್ಟು ಹಗ್ಗ ಕಟ್ಟಿ ಹಿಮದ ಮೇಲೆ ಎಳೆದವರು ಅವರು.

ಅದಕ್ಕೂ ಹಿಂದಿನ ವರ್ಷ, 1799ರ ಮಾರ್ಚ್‌ನಲ್ಲಿ, ಅವನ ಸೈನ್ಯ ಫೆಲೆಸ್ತೀನಿನ ಜಾಫಾ ಪಟ್ಟಣವನ್ನು ಗೆದ್ದಿತು. ಶರಣಾದ ಸಾವಿರಾರು ಸೈನಿಕರನ್ನು ಅವನ ಆಜ್ಞೆಯಂತೆ ಕಡಲ ತೀರದಲ್ಲಿ ಕೊಲ್ಲಲಾಯಿತು. ಅದೇ ದಿನಗಳಲ್ಲಿ ಪ್ಲೇಗ್ ತಗಲಿದ ತನ್ನ ಸೈನಿಕರನ್ನು ಅವನು ನೋಡಲು ಹೋದದ್ದೂ ನಿಜ. ಐದು ವರ್ಷಗಳ ಬಳಿಕ, ಅವನು ಚಕ್ರವರ್ತಿಯಾದ 1804ರಲ್ಲಿ, ಗ್ರೋ ಎಂಬ ಚಿತ್ರಕಾರನ ದೊಡ್ಡ ಚಿತ್ರ ಪ್ಯಾರಿಸ್ಸಿನಲ್ಲಿ ಪ್ರದರ್ಶನಕ್ಕೆ ಬಂತು. ಅದರಲ್ಲಿ ನೆಪೋಲಿಯನ್ ಬರಿಗೈಯಿಂದ ರೋಗಿಯ ಗಂಟನ್ನು ಮುಟ್ಟುತ್ತಿದ್ದಾನೆ, ಯಾವುದೋ ಸಂತನಂತೆ. ಸುಳ್ಳು ಹೇಳುವುದೆಂದರೆ ನಡೆಯದ್ದನ್ನು ನಡೆಯಿತೆನ್ನುವುದು ಮಾತ್ರ ಎಂದು ನಾವು ತಿಳಿದಿರುತ್ತೇವೆ. ನಡೆದ ಎರಡು ಸಂಗತಿಗಳಲ್ಲಿ ಒಂದನ್ನು ಗೋಡೆಯಗಲ ಬರೆಸಿ ಇನ್ನೊಂದನ್ನು ಮರಳಿನಲ್ಲಿ ಹೂಳುವುದೂ ಅದೇ ಕೆಲಸವನ್ನು ಮಾಡುತ್ತದೆ.

ಇದೇ ನೆಪೋಲಿಯನ್ 1798ರ ಜುಲೈಯಲ್ಲಿ ಈಜಿಪ್ಟಿಗೆ ಬಂದಿಳಿದಾಗ ಅರಬ್ಬಿ ಭಾಷೆಯಲ್ಲಿ ಒಂದು ಪ್ರಕಟಣೆ ಹೊರಡಿಸಿದ್ದ. ತಾನು ಪ್ರವಾದಿಯವರನ್ನೂ ಕುರ್‌ಆನನ್ನೂ ಗೌರವಿಸುವವನು, ಫ್ರೆಂಚರೂ ನಿಷ್ಠಾವಂತ ಮುಸ್ಲಿಮರೇ ಎಂಬ ಧಾಟಿಯ ಪ್ರಕಟಣೆ. ಕೈರೋದ ವಿದ್ವಾಂಸ ಅಲ್ ಜಬರ್ತಿ ಅದನ್ನು ಕೈಯಲ್ಲಿ ಹಿಡಿದುಕೊಂಡು, ಮದ್ರಸಾದಲ್ಲಿ ಪಾಠ ಹೇಳುವ ಉಸ್ತಾದರಂತೆ ಒಂದೊಂದೇ ವಾಕ್ಯ ಬಿಡಿಸಿದರು. ಇಲ್ಲಿ ವ್ಯಾಕರಣ ತಪ್ಪಿದೆ, ಇಲ್ಲಿ ಅರ್ಥ ತಿರುಚಿದೆ, ಇದು ಹಸಿಸುಳ್ಳು ಎಂದು ಬರೆದಿಟ್ಟರು. ನಾಲ್ಕು ತಿಂಗಳು ಕಳೆಯುವುದರೊಳಗೆ ಕೈರೋದ ಜನ ದಂಗೆಯೆದ್ದಾಗ ಫ್ರೆಂಚರ ಕುದುರೆಗಳು ಅಲ್ ಅಝ್‌ಹರ್ ಮಸೀದಿಯ ಒಳಗೆ ನುಗ್ಗಿದವು. ಅಲ್ ಜಬರ್ತಿಯ ಬಳಿ ಫಿರಂಗಿ ಇರಲಿಲ್ಲ. ಓದಲು ಬಲ್ಲ ಕಣ್ಣು ಇತ್ತು. ದಂತಕತೆಗೆ ಹೆದರಿಕೆ ಇರುವುದು ಅಂಥ ಕಣ್ಣಿಗೆ.

ಈಜಿಪ್ಟಿನಿಂದಲೇ 1799ರ ಜನವರಿಯಲ್ಲಿ ನೆಪೋಲಿಯನ್ ನಮ್ಮ ಶ್ರೀರಂಗಪಟ್ಟಣಕ್ಕೆ ಒಂದು ಪತ್ರ ಬರೆದ. ಟಿಪ್ಪು ಸುಲ್ತಾನನಿಗೆ ನೆರವಾಗುವ ಮಾತಿದ್ದ ಆ ಪತ್ರ ದಾರಿಯಲ್ಲಿಯೇ ಇಂಗ್ಲಿಷರ ಕೈಗೆ ಸಿಕ್ಕಿತು. ಪತ್ರ ಇಲ್ಲಿಗೆ ಮುಟ್ಟದಿದ್ದರೂ ನಮ್ಮ ಪ್ರಶ್ನೆ ಇಲ್ಲಿಗೆ ಬಂದು ಮುಟ್ಟುತ್ತದೆ. ಯಾಕೆಂದರೆ ತನ್ನ ದಂತಕತೆಯನ್ನು ತಾನೇ ಶ್ರದ್ಧೆಯಿಂದ ಕಟ್ಟಿದ ಅರಸರಲ್ಲಿ ಟಿಪ್ಪುವೂ ಒಬ್ಬ. ಜಹಾಂಗೀರನ ಬಗ್ಗೆ, ನೆಪೋಲಿಯನ್ನನ ಬಗ್ಗೆ ಹೇಳಿದಷ್ಟು ಸಲೀಸಾಗಿ ಈ ಮಾತನ್ನು ಹೇಳಲು ನಮ್ಮವರಲ್ಲಿ ಅನೇಕರಿಗೆ ನಾಲಿಗೆ ತೊಡರುತ್ತದೆ. ಹಾಗೆಂದೇ ಹೇಳಬೇಕು.

ಟಿಪ್ಪು ಹುಲಿಯನ್ನು ತನ್ನ ಗುರುತಾಗಿ ಆರಿಸಿಕೊಂಡ. ಸೈನಿಕರ ಸಮವಸ್ತ್ರದ ಮೇಲೆ ಹುಲಿಪಟ್ಟೆ, ಕತ್ತಿಯ ಹಿಡಿಕೆಯಲ್ಲಿ ಹುಲಿ, ಫಿರಂಗಿಯ ಬಾಯಿಯಲ್ಲಿ ಹುಲಿ, ಸಿಂಹಾಸನದಲ್ಲಿಯೂ ಚಿನ್ನದ ಹುಲಿಮುಖ. ಐರೋಪ್ಯ ಸೈನಿಕನ ಮೇಲೆ ಎರಗಿದ ಹುಲಿಯ ಮರದ ಬೊಂಬೆಯೊಂದನ್ನೂ ಮಾಡಿಸಿದ್ದ. ಹಿಡಿ ತಿರುಗಿಸಿದರೆ ಹುಲಿ ಗುರ್ ಎನ್ನುತ್ತದೆ, ಕೆಳಗೆ ಬಿದ್ದವನು ನರಳುತ್ತಾನೆ. ಅದೀಗ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ. 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಕರ್ನಲ್ ಬೈಲಿಯ ಪಡೆ ಚೌಕ ಕಟ್ಟಿ ನಿಂತಿದೆ, ಮದ್ದಿನ ಬಂಡಿ ಸಿಡಿಯುತ್ತಿದೆ, ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿದ್ದಾನೆ. ಟಿಪ್ಪುವಿನ ಕೈಯಲ್ಲಿ ಮಾತ್ರ ಒಂದು ಗುಲಾಬಿ. ಸುತ್ತ ತಲೆಗಳು ಉರುಳುತ್ತಿರುವಾಗ ತೋಟದಲ್ಲಿ ಅಡ್ಡಾಡುವವನ ನಿಶ್ಚಿಂತೆ ಅವನ ಮುಖದಲ್ಲಿ. ಆ ಗೆಲುವು ನಿಜ, ದೊಡ್ಡದು ಕೂಡಾ. ಗುಲಾಬಿ ಮಾತ್ರ ಚಿತ್ರಕಾರನದು.

ಇದೇ ಅರಸ ರಾತ್ರಿ ಕಂಡ ಕನಸುಗಳನ್ನು ತನ್ನ ಕೈಯಾರೆ ಪಾರಸಿಯಲ್ಲಿ ಬರೆದಿಡುತ್ತಿದ್ದ. 37 ಕನಸುಗಳ ಆ ಪುಸ್ತಕವನ್ನು ಬೇರೆಯವರ ಕಣ್ಣಿಗೆ ಬೀಳದಂತೆ ಇಟ್ಟಿದ್ದ. ಅವನು ಸತ್ತ ಮೇಲೆ ಮಲಗುವ ಕೋಣೆಯಲ್ಲಿ ಅದು ಇಂಗ್ಲಿಷರಿಗೆ ಸಿಕ್ಕಿತು. ಜನರಿಗೆ ತೋರಿಸಲೆಂದು ಬರೆದದ್ದಲ್ಲ ಅದು. ಆದರೂ ಅಲ್ಲಿ ಕೂಡಾ ಶತ್ರುಗಳು, ಸಮರ, ಗೆಲುವಿನ ಶುಭಸೂಚನೆಗಳೇ ಬರುತ್ತವೆ. ಹಗಲು ತೊಟ್ಟ ಹುಲಿಪಟ್ಟೆಯನ್ನು ರಾತ್ರಿಯೂ ಕಳಚಲಾಗಲಿಲ್ಲವೇನೋ ಎಂದು ಅನಿಸುತ್ತದೆ. ದಂತಕತೆಯ ಸಾಲದ ಮೊದಲ ಕಂತನ್ನು ತೀರಿಸುವವನು ಬಹುಶಃ ಅದರ ಒಡೆಯನೇ. ಕುರಿಯ ದೀರ್ಘ ಬಾಳಿಗಿಂತ ಹುಲಿಯ ಎರಡು ದಿನ ಮೇಲು ಎಂಬ ಮಾತು ಟಿಪ್ಪುವಿನದೆಂದು ಲೋಕದಲ್ಲಿ ಪ್ರಚಲಿತವಿದೆ. 1799ರ ಮೇ 4ರಂದು ಅವನು ಕೋಟೆಯೊಳಗೆ ಹೋರಾಡುತ್ತಲೇ ಸತ್ತ. ಅದೇ ವರ್ಷ ಆಗಸ್ಟ್‌ನಲ್ಲಿ ನೆಪೋಲಿಯನ್ ತನ್ನ ಸೈನ್ಯವನ್ನು ಈಜಿಪ್ಟಿನಲ್ಲಿಯೇ ಬಿಟ್ಟು ಗುಟ್ಟಾಗಿ ಹಡಗು ಹತ್ತಿದ. ತನ್ನ ಮಾತಿಗೆ ತನ್ನ ಪ್ರಾಣವನ್ನೇ ಕೊಟ್ಟವನೆಂಬ ಗೌರವ ಟಿಪ್ಪುವಿಗೆ ಸಲ್ಲಲೇಬೇಕು.

ಆದರೆ ಸಾಲ ಅಲ್ಲಿಗೆ ತೀರಲಿಲ್ಲ. ಗೆದ್ದವರಿಗೂ ಆ ಹುಲಿ ಬೇಕಾಯಿತು. ಕೊಂದದ್ದು ಹುಲಿಯಾಗಿದ್ದರೆ ತಾನೇ ಬೇಟೆಗಾರನಿಗೆ ಹೆಸರು? ಆರ್ಥರ್ ವೆಲ್ಲೆಸ್ಲಿ ದರಿಯಾ ದೌಲತ್ತಿನಲ್ಲಿಯೇ ಬಿಡಾರ ಹೂಡಿ, ತನ್ನವರ ಸೋಲನ್ನು ತೋರಿಸುವ ಗೋಡೆಯ ಚಿತ್ರಗಳನ್ನು ಮತ್ತೆ ಸರಿಪಡಿಸಿದ. ಶ್ರೀರಂಗಪಟ್ಟಣದ ಗೆಲುವಿಗಾಗಿ ಇಂಗ್ಲೆಂಡಿನಲ್ಲಿ ಪದಕಗಳನ್ನು ಅಚ್ಚು ಹಾಕಿಸಲಾಯಿತು. ಅದರಲ್ಲಿ ಬ್ರಿಟನ್ನಿನ ಸಿಂಹ ಹುಲಿಯನ್ನು ಕೆಡವಿದೆ. ಮೇಲಿನ ಬಾವುಟದಲ್ಲಿ ಅರಬ್ಬಿ ಅಕ್ಷರಗಳಿವೆ: ಅಸದುಲ್ಲಾಹಿಲ್ ಗಾಲಿಬ್, ಅಂದರೆ ದೇವರ ಸಿಂಹವೇ ವಿಜಯಿ. ಟಿಪ್ಪುವಿನ ಬಾವುಟದಲ್ಲಿದ್ದ ಮಾತನ್ನೇ ಅವನ ವೈರಿಗಳು ತಮ್ಮ ಪದಕಕ್ಕೆ ಬಳಸಿಕೊಂಡರು. ಹುದ್ದೆಗೆ ತಕ್ಕಂತೆ ಆ ಪದಕ ಚಿನ್ನದಲ್ಲಿ, ಬೆಳ್ಳಿಯಲ್ಲಿ, ಕಂಚಿನಲ್ಲಿ ಬಂತು. ಸಾಮಾನ್ಯ ಸಿಪಾಯಿಗೆ ತವರದ್ದು.

ಇನ್ನೂ ಕಹಿಯಾದ ಲೆಕ್ಕ ಕೊಡಗಿನದು. ಟಿಪ್ಪು ಕೊಡಗಿನ ಮೇಲೆ ದಂಡೆತ್ತಿ ಹೋಗಿ ಜನರನ್ನು ಸೆರೆಹಿಡಿದು ಸಾಗಿಸಿದ್ದು, ಮತಾಂತರ ಮಾಡಿಸಿದ್ದು, 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಅಟ್ಟಿಸಿಕೊಂಡು ಹೋದದ್ದು ಇತಿಹಾಸ. 1791ರಲ್ಲಿ ಮರಾಠಾ ಪಡೆಯಿಂದ ಲೂಟಿಯಾದ ಶೃಂಗೇರಿ ಮಠಕ್ಕೆ ನೆರವು ಕಳಿಸಿ, ಸ್ವಾಮಿಗಳಿಗೆ ಭಕ್ತಿಯಿಂದ ಪತ್ರ ಬರೆದದ್ದೂ ಇತಿಹಾಸವೇ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಲಾಗದು. ಆದರೆ ಕೊಡಗಿನಲ್ಲಿ ಸೆರೆಯಾದವರು ಎಷ್ಟು ಮಂದಿ? ಕರ್ನೂಲಿನ ನವಾಬನಿಗೆ ಬರೆದ ಪತ್ರದಲ್ಲಿ ಟಿಪ್ಪು ಸ್ವತಃ ಹೇಳಿಕೊಂಡದ್ದು 40,000. ಅವನ ಬಳಿಯೇ ಇದ್ದ ಇತಿಹಾಸಕಾರ ಕಿರ್ಮಾನಿ ಅದನ್ನು 80,000ಕ್ಕೆ ಏರಿಸಿದ. ಇಂಗ್ಲಿಷರ ವಿಲ್ಕ್ಸ್ 70,000 ಎಂದು ಬರೆದ. ಪುಟ್ಟ ಕೊಡಗಿನ ಅಂದಿನ ಜನಸಂಖ್ಯೆಗೆ ಹೋಲಿಸಿದರೆ ಇವು ಉಬ್ಬಿಸಿದ ಅಂಕಿಗಳೆಂದು ಹಲವು ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ. ಅಂಕಿ ಕಡಿಮೆಯಾದರೆ ನೋವು ಕಡಿಮೆಯಾಗುವುದಿಲ್ಲ. ಒಂದೇ ಮನೆಯನ್ನು ಹಾಗೆ ಕಿತ್ತೊಯ್ದಿದ್ದರೂ ಅದು ಅನ್ಯಾಯವೇ. ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಬೇರೆ. ಇನ್ನೊಬ್ಬ ನವಾಬನನ್ನು ಬೆರಗುಗೊಳಿಸಲು ಅಂದು ಬರೆದ ಜಂಬದ ಮಾತೇ ಇನ್ನೂರು ವರ್ಷಗಳ ಬಳಿಕ ಆರೋಪಪಟ್ಟಿಯಾಯಿತು. ಆ ಪಟ್ಟಿಗೆ ಉತ್ತರಿಸಲು ಅರಸನಿಲ್ಲ, ನವಾಬನೂ ಇಲ್ಲ. ಅರಮನೆಯ ಹೊಸ್ತಿಲನ್ನು ಕೂಡಾ ತುಳಿದಿರದ ಮನೆತನಗಳ ಮಕ್ಕಳು, ಸೈಕಲ್ ರಿಪೇರಿಯವನು, ಮೀನು ಮಾರುವವನು, ಬೀಡಿ ಕಟ್ಟುವವಳು ಉತ್ತರಿಸಬೇಕಾಗಿದೆ.

ಇದು ಬರಿಯ ಮಾತಲ್ಲ. 2015ರಲ್ಲಿ ರಾಜ್ಯ ಸರಕಾರ ಟಿಪ್ಪು ಜಯಂತಿ ಆಚರಿಸಿದಾಗ ಮಡಿಕೇರಿಯಲ್ಲಿ ಗಲಭೆಯಾಗಿ ಜೀವಗಳು ಹೋದವು. 2019ರಲ್ಲಿ ಬಂದ ಇನ್ನೊಂದು ಸರಕಾರ ಆ ಆಚರಣೆಯನ್ನು ರದ್ದು ಮಾಡಿತು. ಒಬ್ಬರಿಗೆ ಗುಲಾಬಿ ಹಿಡಿದ ಟಿಪ್ಪು ಬೇಕು, ಇನ್ನೊಬ್ಬರಿಗೆ ರಕ್ತ ಕುಡಿದ ಹುಲಿ ಬೇಕು. ರೇಷ್ಮೆ ತಂದ, ರಾಕೆಟ್ ಹಾರಿಸಿದ, ಗೆದ್ದ, ಸೋತ, ದಯೆ ತೋರಿದ, ಕ್ರೌರ್ಯವೆಸಗಿದ ಮನುಷ್ಯನೊಬ್ಬ ಯಾರಿಗೂ ಬೇಕಾಗಿಲ್ಲ. 2023ರ ಚುನಾವಣೆಯ ಹೊತ್ತಿಗಂತೂ ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬಿಬ್ಬರು ಎಂಬ ಹೊಸ ಕತೆಯೇ ಬಂತು. ಇತಿಹಾಸದ ಆಧಾರವಿಲ್ಲದ ಆ ಹೆಸರುಗಳು ಮಂಡ್ಯದಲ್ಲಿ ಸ್ವಾಗತ ಕಮಾನಿನ ಮೇಲೂ ಏರಿದವು. ಸಿನಿಮಾ ತೆಗೆಯುವ ಮಾತೂ ನಡೆಯಿತು. ಆಗ ಆದಿಚುಂಚನಗಿರಿಯ ಸ್ವಾಮೀಜಿಯವರು ಆಧಾರವಿಲ್ಲದ ಮಾತಿನಿಂದ ಗೊಂದಲ ಎಬ್ಬಿಸಬೇಡಿ ಎಂದು ಬುದ್ಧಿ ಹೇಳಿದರು. ಚಿತ್ರದ ಯೋಜನೆ ಅಲ್ಲಿಗೇ ನಿಂತಿತು. ತಮ್ಮ ಸಮುದಾಯಕ್ಕೆ ಪುಕ್ಕಟೆಯಾಗಿ ಸಿಗುತ್ತಿದ್ದ ವೀರಗಾಥೆಯನ್ನು ಬೇಡವೆಂದ ಆ ನಡೆ ನಮ್ಮ ಈ ಚರ್ಚೆಯಲ್ಲಿ ಬಹಳ ಮುಖ್ಯವಾದುದು.

ಬೇಡವೆನ್ನುವ ಈ ಗುಣಕ್ಕೆ ನಮ್ಮ ಪರಂಪರೆಯಲ್ಲಿ ಅತ್ಯುನ್ನತ ಮಾದರಿಯೊಂದಿದೆ. ಪ್ರವಾದಿ ಮುಹಮ್ಮದ್(ಸ)ರ ಹಸುಗೂಸು ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಪ್ರವಾದಿಯವರ ಮಗನ ಸಾವಿಗೆ ಸೂರ್ಯನೇ ಕಪ್ಪಾದ ಎಂದು ಮದೀನಾದ ಜನ ಆಡಿಕೊಂಡರು. ಯಾರೂ ಕಟ್ಟಿಸಿದ ಕತೆಯಲ್ಲ ಅದು. ಪ್ರೀತಿಯಿಂದ, ತಾನಾಗಿ ಹುಟ್ಟಿದ ಕತೆ. ಸುಮ್ಮನಿದ್ದಿದ್ದರೆ ಸಾಕಿತ್ತು, ಸೂರ್ಯನೂ ಶೋಕ ಆಚರಿಸಿದನೆಂಬ ದಂತಕತೆ ಲೋಕದಲ್ಲಿ ನಿಂತುಬಿಡುತ್ತಿತ್ತು. ಮಗನನ್ನು ಕಳೆದುಕೊಂಡ ತಂದೆ ಆ ದುಃಖದ ನಡುವೆಯೂ ಎದ್ದು ನಿಂತು, ಸೂರ್ಯಚಂದ್ರರು ದೇವನ ಕುರುಹುಗಳು, ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಜನರನ್ನು ತಿದ್ದಿದರು. ಬುಖಾರಿಯಲ್ಲಿ ದಾಖಲಾಗಿರುವ ಈ ಘಟನೆಯನ್ನು ನಾವು ಗ್ರಹಣದ ನಮಾಝಿನ ಅಧ್ಯಾಯದಲ್ಲಿ ಓದಿ ಮುಂದೆ ಹೋಗುತ್ತೇವೆ. ನಾಯಕತ್ವದ ಅಧ್ಯಾಯದಲ್ಲಿಯೂ ಓದಬೇಕಾದ ಪಾಠ ಅದು.

ಇನ್ನೊಂದು ಉದಾಹರಣೆ ಸೇನಾಪತಿಯೊಬ್ಬರದು. ಖಾಲಿದ್ ಬಿನ್ ವಲೀದ್(ರ)ರ ಯುದ್ಧಕೌಶಲದ ಬಗ್ಗೆ ಎರಡು ಮಾತಿಲ್ಲ. ಖಲೀಫರಾದ ಉಮರ್(ರ) ಅವರನ್ನು ದಂಡನಾಯಕತ್ವದಿಂದ ಇಳಿಸಿ ಅಬೂ ಉಬೈದಾ(ರ)ರನ್ನು ನೇಮಿಸಿದರು. ಮುಂದೆ ಪೂರ್ತಿಯಾಗಿ ಹುದ್ದೆಯಿಂದ ಬಿಡುಗಡೆ ಮಾಡಿದರು. ತಮ್ಮನ್ನು ಹೊಗಳಿದವರೊಬ್ಬರಿಗೆ ಖಾಲಿದ್ ಹತ್ತು ಸಾವಿರ ದಿರ್ಹಮ್ ಇನಾಮು ಕೊಟ್ಟ ಸಂಗತಿಯೂ ಇದಕ್ಕೆ ಕಾರಣವಾಯಿತೆಂದು ಇತಿಹಾಸಕಾರರು ಬರೆದಿದ್ದಾರೆ. ಆದರೆ ಉಮರ್ ಜನರಿಗೆ ಹೇಳಿದ ಕಾರಣ ಬೇರೆ. ಸಿಟ್ಟಿನಿಂದಲೋ ದ್ರೋಹದ ಸಂಶಯದಿಂದಲೋ ಇಳಿಸಿದ್ದಲ್ಲ. ಜನ ಖಾಲಿದರಲ್ಲಿಯೇ ಮರುಳಾಗತೊಡಗಿದ್ದರು, ಗೆಲುವು ಕೊಡುವವನು ಅಲ್ಲಾಹನೆಂಬುದನ್ನು ಅವರು ಮರೆಯಬಾರದು. ಖಾಲಿದ್ ದಂಗೆ ಏಳಲಿಲ್ಲ. ಮೊದಲ ಸಲ ಇಳಿಸಿದಾಗ ತಮ್ಮ ಜಾಗಕ್ಕೆ ಬಂದವರ ಕೈಕೆಳಗೆಯೇ ಹೋರಾಡಿದರು. ಮೈತುಂಬಾ ಗಾಯದ ಗುರುತುಗಳಿದ್ದ ಆ ವೀರ ಕೊನೆಗೆ ಹಾಸಿಗೆಯಲ್ಲಿ ತೀರಿಕೊಂಡರು.

ಧೀರನ ಚಿತ್ರವಿಲ್ಲದೆ ಸೈನ್ಯ ನಡೆಯದು ಎಂಬ ವಾದಕ್ಕೆ ಇಲ್ಲಿ ಉತ್ತರವಿದೆ. ಖಾಲಿದರನ್ನು ಇಳಿಸಿದ ಮೇಲೆಯೂ ಆ ಸೈನ್ಯ ನಿಲ್ಲಲಿಲ್ಲ. ನಡೆಸುತ್ತಿದ್ದುದು ಒಬ್ಬರ ಹೆಸರು ಮಾತ್ರವಾಗಿರಲಿಲ್ಲ ಎಂಬುದು ಅದರಿಂದ ಸಾಬೀತಾಯಿತು. ಜನರಿಗೆ ಧೈರ್ಯ ಬೇಕು, ನಿಜ. ಆದರೆ ಆ ಧೈರ್ಯ ಅವರದೇ ಎಂದು ಹೇಳುವುದು ಒಂದು, ಅದು ತನ್ನದೆಂದು ಹೇಳಿ ಅವರಿಗೇ ಸಾಲವಾಗಿ ಕೊಡುವುದು ಇನ್ನೊಂದು.

ಇಲ್ಲಿ ಯಾರಾದರೂ ಕೇಳಬಹುದು: ಸೇವಕನನ್ನು ಒಂಟೆಯ ಮೇಲೆ ಕೂರಿಸಿ ತಾವು ಮೂಗುದಾರ ಹಿಡಿದು ಜೆರುಸಲೇಮಿಗೆ ಬಂದ ಉಮರ್(ರ)ರ ಪ್ರಸಂಗವನ್ನು ಮಿಂಬರಿನ ಮೇಲಿಂದ ನಾವೂ ಕೇಳುತ್ತ ಬಂದಿದ್ದೇವಲ್ಲ, ಅದೂ ದಂತಕತೆಯ ಹಾಗೆಯೇ ಅಲ್ಲವೇ? ಹೌದು, ಜನರ ಬಾಯಲ್ಲಿ ಬೆಳೆದ ಕತೆ ಅದು. ಆದರೆ ಅದನ್ನು ಉಮರ್ ಕಟ್ಟಿಸಲಿಲ್ಲ, ಬರೆಸಲಿಲ್ಲ, ಚಿತ್ರ ತೆಗೆಸಲಿಲ್ಲ. ಆ ಕತೆಯಲ್ಲಿ ಎತ್ತರದಲ್ಲಿ ಕುಳಿತವನು ಹೆಸರಿಲ್ಲದ ಸೇವಕ. ಕುದುರೆಯ ಹೊಟ್ಟೆಯ ಕೆಳಗೆ ಸೈನಿಕರನ್ನು ಬರೆಸಿದ ಚಿತ್ರಕ್ಕೂ ಇದಕ್ಕೂ ಇರುವ ಅಂತರವನ್ನು ಚಿಕ್ಕ ಮಕ್ಕಳೂ ಗುರುತಿಸಬಲ್ಲರು. ಹಾಗಿದ್ದರೂ ಇಂದಿನ ಕಾಲದಲ್ಲಿ ಎಚ್ಚರ ಬೇಕು. ಸರಳತೆಯನ್ನು ಕೂಡಾ ಕ್ಯಾಮರಾ ಬಂದ ಮೇಲೆಯೇ ಆರಂಭಿಸುವ ನಾಯಕರು ಎಲ್ಲ ಪಕ್ಷಗಳಲ್ಲಿಯೂ, ಎಲ್ಲ ಸಮುದಾಯಗಳಲ್ಲಿಯೂ ಇದ್ದಾರೆ. ನಮ್ಮ ಜಮಾಅತುಗಳಲ್ಲಿಯೂ ಇಲ್ಲವೆಂದು ಯಾರೂ ಎದೆ ತಟ್ಟಿ ಹೇಳಲಾರರು.

ಹಾಗಾದರೆ ಟಿಪ್ಪುವನ್ನು ಏನು ಮಾಡೋಣ? ಅವನ ಮೇಲಿನ ಪ್ರೀತಿಯನ್ನು ಬಿಟ್ಟುಬಿಡಬೇಕೇ? ಬೇಕಾಗಿಲ್ಲ. ಹುಲಿಯ ಚರ್ಮ ಕಳಚಿ ಮನುಷ್ಯನನ್ನು ಉಳಿಸಿಕೊಂಡರೆ ಸಾಕು. ಮನುಷ್ಯನೆಂದ ಮೇಲೆ ಅವನ ಒಳ್ಳೆಯದು ಅವನದು, ಅವನ ಅನ್ಯಾಯವೂ ಅವನದು. ಒಬ್ಬರ ಭಾರವನ್ನು ಇನ್ನೊಬ್ಬರು ಹೊರಲಾರರು ಎಂಬುದು ಕುರ್‌ಆನ್ ಮತ್ತೆ ಮತ್ತೆ ಕಲಿಸುವ ನ್ಯಾಯ. ಕೊಡಗಿನ ಅಜ್ಜಿಯ ನೆನಪನ್ನು ಸುಳ್ಳೆಂದು ತಳ್ಳಿಹಾಕದೆ ಕುಳಿತು ಕೇಳುವ ತಾಳ್ಮೆಯೂ, ಟಿಪ್ಪುವಿನ ಕ್ರಿಯೆಗೆ ಇಂದಿನ ಮುಸ್ಲಿಮನು ಜಾಮೀನುದಾರನಲ್ಲ ಎಂದು ಹೇಳುವ ಧೈರ್ಯವೂ ಒಂದೇ ಬೇರಿನಿಂದ ಬರುತ್ತವೆ. ದಂತಕತೆಯನ್ನು ಅಪ್ಪಿಕೊಂಡವರಿಗೆ ಈ ಎರಡರಲ್ಲಿ ಒಂದೂ ಸಾಧ್ಯವಾಗುವುದಿಲ್ಲ. ಅವರು ಅರಸನ ಜಂಬವನ್ನೂ ಹೊರಬೇಕು, ಅದರ ಸಾಲವನ್ನೂ ಹೊರಬೇಕು.

ಕತೆ ಬರೆಯುವ ನಮ್ಮ ಮುಂದೆಯೂ ಒಂದು ಕೆಲಸವಿದೆ. ಹಿಮದ ಮೇಲೆ ಫಿರಂಗಿ ಎಳೆದವನು, ತವರದ ಪದಕ ಜೇಬಿಗಿಳಿಸಿ ಊರಿಗೆ ಮರಳಿದ ಸಿಪಾಯಿ, ಪೊಲ್ಲಿಲೂರಿನ ಗೋಡೆಯ ಮೇಲೆ ಸಾಲು ಸಾಲಾಗಿ ಒಂದೇ ಮುಖ ಹೊತ್ತು ನಿಂತ ಸವಾರರು, ಕೊಡಗಿನಿಂದಲೂ ಕರಾವಳಿಯಿಂದಲೂ ಗಂಟುಮೂಟೆ ಕಟ್ಟಿ ನಡೆದ ಹೆಂಗಸರು ಮಕ್ಕಳು, ಇವರ ಹೆಸರುಗಳನ್ನು ಯಾವ ಆಸ್ಥಾನವೂ ಬರೆಸಲಿಲ್ಲ. ಅವರ ಬಗ್ಗೆ ಬರೆಯಲು ಕಲ್ಪನೆ ಬೇಕಾಗುತ್ತದೆ. ಕಲ್ಪನೆಯಿಂದ ಬರೆದದ್ದಕ್ಕೆ ‘ಕತೆ’ ಎಂದು ಮೇಲೆಯೇ ಅಚ್ಚು ಹಾಕಿ ಕೊಡೋಣ. ನಾಯಕರ ಕತೆಗಳು ಕೈಗೆ ಬಂದಾಗ ಮಾತ್ರ ಅಲ್ ಜಬರ್ತಿಯ ಹಾಗೆ ಒಂದೊಂದೇ ವಾಕ್ಯ ಬಿಡಿಸಿ ಓದೋಣ. ಅದು ನಮ್ಮವನ ಕತೆಯಾಗಿದ್ದರೆ ಇನ್ನೂ ಸ್ವಲ್ಪ ನಿಧಾನವಾಗಿ ಓದೋಣ.